ದೊರೆಯೇ ಓದುವಂತಿರಲಿಲ್ಲ!

1404ರಲ್ಲಿ ಕೊರಿಯಾದ ದೊರೆ ತೇಜೋಂಗ್ ಜಿಂಕೆ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದ. ಪೆಟ್ಟೇನೂ ಆಗಲಿಲ್ಲ. ಎದ್ದವನೇ ಅತ್ತಿತ್ತ ನೋಡಿ, ಇದು ಚರಿತ್ರೆಕಾರನಿಗೆ ಗೊತ್ತಾಗಬಾರದು ಎಂದ. ಅವನು ಬಿದ್ದದ್ದೂ ದಾಖಲಾಯಿತು, ಹಾಗೆಂದದ್ದೂ ದಾಖಲಾಯಿತು.

ಕೊರಿಯಾ ಎಂದರೆ ನಮಗೀಗ ಬಿಟಿಎಸ್, ಕಿಮ್ಚಿ, ಟಿವಿ ಧಾರಾವಾಹಿ. ಆ ದೇಶದ ಸ್ವಭಾವ ತಿಳಿಯಬೇಕೆನ್ನುವವರಿಗೆ ನಾನು ತೋರಿಸುವುದು ‘ಜೋಸನ್ ಸಿಲ್ಲೋಕ್’ ಎಂಬ ರಾಜವಂಶದ ದಾಖಲೆಯನ್ನು. 1392ರಿಂದ 1863ರವರೆಗೆ, 25 ದೊರೆಗಳ ಕಾಲದ ದಿನದಿನದ ವರದಿ ಅದು. ಕನ್‌ಫ್ಯೂಷಿಯಸ್ ತತ್ವವನ್ನೇ ಆಡಳಿತದ ಬುನಾದಿ ಮಾಡಿಕೊಂಡಿದ್ದ ಜೋಸನ್ ರಾಜ್ಯದಲ್ಲಿ ದೊರೆಯೂ ಮುಂದಿನವರ ತೀರ್ಪಿಗೆ ಒಳಪಟ್ಟವನೇ. ಹಾಗಾಗಿ ಅವನ ಸಭೆಯಲ್ಲಿ ಕೆಳದರ್ಜೆಯ ಕಿರಿಯ ಅಧಿಕಾರಿಗಳು ಕುಂಚ ಹಿಡಿದು ಕೂತು, ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ದೊರೆ ಸತ್ತ ಮೇಲಷ್ಟೇ ಅದು ಗ್ರಂಥವಾಗುತ್ತಿತ್ತು. ಆಮೇಲೆ ಕರಡುಗಳನ್ನು ಸೋಲ್‌ನ ಹೊಳೆಯಲ್ಲಿ ಮಸಿ ಹೋಗುವಂತೆ ತೊಳೆದು, ಕಾಗದವನ್ನು ಮತ್ತೆ ಬಳಸುತ್ತಿದ್ದರು.

ಕೊರಿಯಾದ ಹಂಗುಲ್ ಲಿಪಿ ರೂಪಿಸಿದ ದೊರೆ ಸೇಜೋಂಗ್ ಕೂಡ ತನ್ನ ತಂದೆಯ ಕಾಲದ ಸಂಪುಟ ನೋಡಬೇಕೆಂದು ಕೇಳಿದ್ದುಂಟು. ಇವತ್ತು ನೀವು ನೋಡಿದರೆ ನಾಳೆ ಬರೆಯುವವರ ಕೈ ನಡುಗುತ್ತದೆ ಎಂಬ ಅರ್ಥದಲ್ಲಿ ಮಂತ್ರಿಗಳು ತಡೆದರು, ಅವನೂ ಸುಮ್ಮನಾದ. ಎಲ್ಲರೂ ಅಷ್ಟು ಸಭ್ಯರಲ್ಲ. 1498ರಲ್ಲಿ ಯೋನ್‌ಸಾನ್ ಎಂಬ ದೊರೆ, ಕರಡಿನಲ್ಲಿದ್ದ ಬರಹದ ನೆಪದಲ್ಲಿ ಕಿಮ್ ಇಲ್‌ಸೋನ್ ಎಂಬ ಚರಿತ್ರೆಕಾರನನ್ನು ಕೊಲ್ಲಿಸಿದ. 1506ರಲ್ಲಿ ಅವನೇ ಪದಚ್ಯುತನಾದ. ಅವನ ಆಳ್ವಿಕೆಯ ದಾಖಲೆಗೆ ‘ಸಿಲ್ಲೋಕ್’ ಎಂಬ ಗೌರವವೂ ಸಿಗಲಿಲ್ಲ, ಬರೀ ‘ದಿನಚರಿ’ ಎಂದು ಕರೆದು ಕೈತೊಳೆದುಕೊಂಡರು!

ಸಿಲ್ಲೋಕ್‌ನಲ್ಲಿ ನನಗೆ ಇಷ್ಟವಾದದ್ದು ಆನೆಯ ಪ್ರಸಂಗ. 1411ರಲ್ಲಿ ಜಪಾನಿನಿಂದ ಉಡುಗೊರೆಯಾಗಿ ಆನೆಯೊಂದು ಬಂತು. ಅದರ ರೂಪ ನೋಡಿ ಹಾಸ್ಯಮಾಡಿ ಉಗುಳಿದ ಮಾಜಿ ಅಧಿಕಾರಿಯೊಬ್ಬನನ್ನು ತುಳಿದು ಕೊಂದಿತು. ಮೇವಿನ ಖರ್ಚೂ ವಿಪರೀತ. ಆನೆಗೆ ದ್ವೀಪಕ್ಕೆ ಗಡೀಪಾರು! ಅಲ್ಲಿ ಅದು ಮೇವು ಮುಟ್ಟದೆ ಸೊರಗುತ್ತಿದೆ, ಜನರನ್ನು ಕಂಡರೆ ಕಣ್ಣೀರು ಹಾಕುತ್ತದೆ ಎಂದು ವರದಿ ಬಂತು. ದೊರೆ ಮರುಗಿ ವಾಪಸ್ ಕರೆಸಿದ. ಆ ದೊರೆ ಬೇರೆ ಯಾರೂ ಅಲ್ಲ, ಕುದುರೆಯಿಂದ ಬಿದ್ದ ತೇಜೋಂಗ್.

ಸಿಲ್ಲೋಕ್‌ನ ಪ್ರತಿಗಳನ್ನು ನಾಲ್ಕು ಊರುಗಳಲ್ಲಿಟ್ಟಿದ್ದರು. 1592ರಲ್ಲಿ ಜಪಾನ್ ದಂಡೆತ್ತಿ ಬಂದಾಗ ಮೂರು ಕಡೆಯವು ಸುಟ್ಟುಹೋದವು. ಜೋಂಜುವಿನಲ್ಲಿದ್ದ ಪ್ರತಿಯನ್ನು ಆನ್ ಉಯಿ, ಸೋನ್ ಹೋಂಗ್‌ನೋಕ್ ಎಂಬ ಇಬ್ಬರು ವಿದ್ವಾಂಸರು ನೇಜಾಂಗ್ ಬೆಟ್ಟಕ್ಕೆ ಸಾಗಿಸಿ ಕಾವಲು ಕೂತರು. ಅದೊಂದರಿಂದಲೇ ಹೊಸ ಪ್ರತಿಗಳು ಹುಟ್ಟಿದವು. ಈ ಬಾರಿ ಹೆಚ್ಚಿನವನ್ನು ಊರುಗಳಿಂದ ದೂರ, ಬೆಟ್ಟಗಳಲ್ಲಿಟ್ಟರು. ಓದೇಸಾನ್ ಬೆಟ್ಟದ ಪ್ರತಿಯನ್ನು ಮುಂದೆ ಜಪಾನಿನ ವಸಾಹತು ಆಡಳಿತ ಟೋಕಿಯೊ ವಿಶ್ವವಿದ್ಯಾಲಯಕ್ಕೆ ಒಯ್ದಿತು. 1923ರ ಭೂಕಂಪದಲ್ಲಿ ಬಹುಪಾಲು ಬೂದಿಯಾಯಿತು. ಉಳಿದವುಗಳಲ್ಲಿ 47 ಸಂಪುಟಗಳು 2006ರಲ್ಲಿ ಕೊರಿಯಾಕ್ಕೆ ಮರಳಿದವು.

ಮೂಲವಿರುವುದು ಹಳೆಯ ಚೀನಿ ಬರಹದಲ್ಲಿ. ಈಗ ಪೂರ್ತಿ ಕೊರಿಯನ್ ಅನುವಾದ ಅಂತರ್ಜಾಲದಲ್ಲಿ ಉಚಿತ. ಧಾರಾವಾಹಿ ಬರೆಯುವವರಿಗೆ ಅದೇ ಕಣಜ. ಜಾಂಗ್‌ಗುಮ್ ಎಂಬ ಅರಮನೆ ವೈದ್ಯೆಯ ಬಗ್ಗೆ ಅದರಲ್ಲಿ ಸಿಗುವುದು ಬೆರಳೆಣಿಕೆಯ ಉಲ್ಲೇಖ. ಅಷ್ಟನ್ನೇ ಹಿಡಿದು 2003ರಲ್ಲಿ 54 ಕಂತುಗಳ ‘ದೇ ಜಾಂಗ್ ಗುಮ್’ ಕಟ್ಟಿದರು.