ಪ್ರಮೇಹ, ಮೂತ್ರಕೃಚ್ಛ್ರ, ಮೂತ್ರಾಘಾತ: ಮೂರು ಸಂಜ್ಞೆಗಳ ವಿವೇಚನೆ

ವೈದ್ಯಗ್ರಂಥಗಳಲ್ಲಿ ಮೂತ್ರಸಂಬಂಧವಾದ ವ್ಯಾಧಿಗಳಿಗೆ ಪ್ರಮೇಹ, ಮೂತ್ರಕೃಚ್ಛ್ರ, ಮೂತ್ರಾಘಾತ ಎಂಬ ಪ್ರತ್ಯೇಕ ಸಂಜ್ಞೆಗಳಿವೆ. ಹಸ್ತಪ್ರತಿಸೂಚಿಗಳಲ್ಲಿ ಇವನ್ನು ‘ಮೂತ್ರರೋಗ’ವೆಂದು ಒಂದೇ ಹೆಸರಿನಲ್ಲಿ ಸೇರಿಸಿದರೆ ಗ್ರಂಥಾರ್ಥವು ಕೆಡುವುದು. ಮಧುಮೇಹಿಗಳಾದ ವೃದ್ಧರ ವಿಷಯದಲ್ಲಿ ಈ ಬೆರಕೆಯಿಂದ ದೇಹಕ್ಕೂ ಹಾನಿಯುಂಟು.

ಪ್ರಮೇಹ ಶಬ್ದವು ‘ಮಿಹ್’ ಧಾತುವಿನಿಂದ ನಿಷ್ಪನ್ನವಾದುದು. ಮೂತ್ರವು ಅಧಿಕವಾಗಿಯೂ ಕಲುಷಿತವಾಗಿಯೂ ಹೋಗುವುದು ಇದರ ಸಾಮಾನ್ಯ ಲಕ್ಷಣ. ಇದರ 20 ಪ್ರಭೇದಗಳಲ್ಲಿ ಮಧುಮೇಹವು ವಾತಜವಾದ 4ರಲ್ಲಿ ಒಂದು. ಉಳಿದೆರಡು ಸಂಜ್ಞೆಗಳ ಭೇದವನ್ನು ಮಾಧವನಿದಾನದ ಮಧುಕೋಶವ್ಯಾಖ್ಯಾನದಲ್ಲಿ ವಿಜಯರಕ್ಷಿತನು ಸ್ಪಷ್ಟಪಡಿಸಿದ್ದಾನೆ. ಮೂತ್ರಕೃಚ್ಛ್ರದಲ್ಲಿ ಕಷ್ಟವು ಹೆಚ್ಚು, ತಡೆಯು ಕಡಿಮೆ; ಮೂತ್ರಾಘಾತದಲ್ಲಿ ತಡೆಯು ಹೆಚ್ಚು, ಕಷ್ಟವು ಕಡಿಮೆ.

ಈ ವಿವೇಕವು ಇಂದಿನ ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಉಪಯುಕ್ತವಾದುದು. ರಕ್ತದಲ್ಲಿ ಸಕ್ಕರೆಯು ಮಿತಿಮೀರಿದಾಗ ಅದು ಮೂತ್ರದೊಡನೆ ನೀರನ್ನೂ ಸೆಳೆದೊಯ್ಯುವುದರಿಂದ ಮೂತ್ರದ ಪ್ರಮಾಣವು ಹೆಚ್ಚುತ್ತದೆ. ವಯಸ್ಸಾದ ಪುರುಷರಲ್ಲಿ ಮೂತ್ರಾಶಯದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯು ಬೆಳೆದು ಮಾರ್ಗವನ್ನು ಒತ್ತಿದರೆ ಧಾರೆಯು ಕ್ಷೀಣಿಸಿ, ರಾತ್ರಿ ಪದೇಪದೇ ಏಳಬೇಕಾಗುತ್ತದೆ. ಕಿಬ್ಬೊಟ್ಟೆಯಲ್ಲಿ ಅಥವಾ ವೃಷಣ-ಗುದಗಳ ನಡುವೆ ನೋವು, ಉರಿ, ಜ್ವರಗಳು ಕಂಡರೆ ಮೂತ್ರಾಶಯದ ಅಥವಾ ಆ ಗ್ರಂಥಿಯ ಸೋಂಕನ್ನು ಶಂಕಿಸಬೇಕು. ಮಧುಮೇಹಿಗಳಲ್ಲಿ ಸೋಂಕಿನ ಸಂಭವವು ಅಧಿಕ.

ಇವೆಲ್ಲಕ್ಕಿಂತ ಗೂಢವಾದುದು ನರದೌರ್ಬಲ್ಯ. ದೀರ್ಘಕಾಲದ ಮಧುಮೇಹದಿಂದ ಮೂತ್ರಾಶಯದ ನರಗಳು ಕುಂದಿದಾಗ ಅದು ತುಂಬಿದ್ದರೂ ವೃದ್ಧನಿಗೆ ತಿಳಿಯದು, ಪೂರ್ತಿ ಬರಿದಾಗದು. ತುಂಬಿ ತುಳುಕಿದ ಅಂಶವು ಮಾತ್ರ ಹನಿಹನಿಯಾಗಿ ಹೊರಬರುವುದು. ಇದನ್ನು ಕಂಡವರು ಮೂತ್ರವು ಅಧಿಕವಾಗಿದೆಯೆಂದು ಭ್ರಮಿಸಿ ಸಕ್ಕರೆಯನ್ನೇ ಹಳಿಯುತ್ತಾರೆ. ವಾಸ್ತವದಲ್ಲಿ ಅಲ್ಲಿರುವುದು ಆಧಿಕ್ಯವಲ್ಲ, ತಡೆ. ಒಳಗೆ ನಿಂತ ಮೂತ್ರವು ಸೋಂಕಿಗೆ ಎಡೆಮಾಡುತ್ತದೆ. ಕ್ರಮೇಣ ಮೂತ್ರಪಿಂಡಗಳಿಗೂ ಹಾನಿಯಾಗಬಹುದು. ನೋವಿಲ್ಲವೆಂದ ಮಾತ್ರಕ್ಕೆ ವ್ಯಾಧಿಯಿಲ್ಲವೆನ್ನಲಾಗದು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತದ ಪ್ರಭೇದವಾಗಿ ಹೇಳಿರುವ ವಾತಾಷ್ಠೀಲೆಯು ಗುದ-ಬಸ್ತಿಗಳ ನಡುವಣ ಗಟ್ಟಿಯಾದ ಗ್ರಂಥಿ. ಅದನ್ನು ಪ್ರಾಸ್ಟೇಟ್ ವೃದ್ಧಿಯೊಡನೆ ಹೋಲಿಸುವುದುಂಟು. ಸ್ಥಾನಸಾಮ್ಯವಿದ್ದರೂ ಎರಡನ್ನೂ ಒಂದೇ ಎಂದು ನಿರ್ಣಯಿಸುವುದು ಸಾಹಸವಾದೀತು.

ಒಬ್ಬನೇ ವೃದ್ಧನಲ್ಲಿ ಈ ಮೂರೂ ಕೂಡಿರಬಹುದು. ಆದುದರಿಂದ ರಕ್ತದ ಸಕ್ಕರೆಯ ಪರೀಕ್ಷೆಯೊಂದೇ ಸಾಲದು. ಮೂತ್ರಪರೀಕ್ಷೆ, ಗ್ರಂಥಿಯ ಪರೀಕ್ಷೆ, ವಿಸರ್ಜನೆಯ ಬಳಿಕ ಒಳಗುಳಿದ ಮೂತ್ರದ ಅಳತೆ ಇವೂ ಅವಶ್ಯ. ಮೂತ್ರವು ಪೂರ್ಣವಾಗಿ ಕಟ್ಟಿದರೆ, ಚಳಿಜ್ವರ ಬಂದರೆ, ರಕ್ತ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಸಂಕೋಚದಿಂದ ಮೌನವಹಿಸುವುದೂ, ರಾತ್ರಿ ಏಳಬೇಕಾದೀತೆಂದು ದಿನವಿಡೀ ನೀರನ್ನು ತ್ಯಜಿಸುವುದೂ ಹಿತವಲ್ಲ. ಹೆಸರುಗಳನ್ನು ಬೇರ್ಪಡಿಸಿ ಅರಿಯುವುದು ಗ್ರಂಥಸಂಪಾದಕನಿಗೆ ಹೇಗೋ, ರೋಗಿಗೂ ಹಾಗೆಯೇ ಮೊದಲ ಕರ್ತವ್ಯ.