ಬಿಸಿಲ ಲೆಕ್ಕಕ್ಕೊಂದು ಷರಾ

ಕಾಫಿ ತೋಟದ ಬಂಗಲೆಯ ಹಿಂದೆ, ಕಣಕ್ಕೂ ಸಿಲ್ವರ್ ಓಕ್ ಸಾಲಿಗೂ ನಡುವಿನ ಹುಲ್ಲುಜಾಗದಲ್ಲಿ, ನಾಲ್ಕು ಕಾಲಿನ ಮೇಲೆ ನಿಂತ ಬಿಳಿಯ ಮರದ ಪೆಟ್ಟಿಗೆಯೊಂದಿದೆ. ದೂರದಿಂದ ನೋಡಿ ಜೇನುಪೆಟ್ಟಿಗೆ ಎಂದುಕೊಳ್ಳುವವರೇ ಹೆಚ್ಚು. ಸುತ್ತಲೂ ಓರೆಪಟ್ಟಿಗಳ ಎರಡು ಪದರ. ಗಾಳಿ ನುಸುಳಬಹುದು, ಬಿಸಿಲು ನುಸುಳಲಾರದು. ಬಾಗಿಲು ಉತ್ತರಕ್ಕೆ. ನಮ್ಮಲ್ಲಿ ಸೂರ್ಯ ವರ್ಷದ ಬಹುಭಾಗ ದಕ್ಷಿಣಕ್ಕೆ ವಾಲಿರುತ್ತಾನೆ, ಬಾಗಿಲು ತೆರೆದಾಗ ಪಾದರಸದ ಬುರುಡೆಗೆ ಅವನ ಕಣ್ಣು ಬೀಳಬಾರದು. ಒಳಗಿನ ಉಷ್ಣಮಾಪಕಗಳು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿವೆ. ಈ ಬಗೆಯ ಪೆಟ್ಟಿಗೆಯನ್ನು 1860ರ ದಶಕದಲ್ಲಿ ರೂಪಿಸಿದವನು ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್, 'ಟ್ರೆಷರ್ ಐಲೆಂಡ್' ಬರೆದ ಕಾದಂಬರಿಕಾರನ ಅಪ್ಪ. ನಮ್ಮ ಹವಾಮಾನ ಇಲಾಖೆ 1875ರಲ್ಲಿ ಶುರುವಾದಾಗ ಉಷ್ಣಮಾಪಕಗಳನ್ನು ನೇತುಹಾಕುತ್ತಿದ್ದದ್ದು ಹುಲ್ಲು ಹೊದಿಸಿದ ಚಪ್ಪರಗಳಲ್ಲಿ. ಈ ಪೆಟ್ಟಿಗೆ ಇಲ್ಲಿ ಬೇರೂರಿದ್ದು ಇಪ್ಪತ್ತನೇ ಶತಮಾನ ಕಾಲಿಟ್ಟ ಮೇಲೆ.

ನನಗೆ ಈ ಪೆಟ್ಟಿಗೆಯ ಸಹವಾಸ ಹತ್ತಿದ್ದು ಹವೆಗಾಗಿ ಅಲ್ಲ, ಅದರೊಳಗಿನ ಬಾಡಿಗೆದಾರರಿಗಾಗಿ. ಓರೆಪಟ್ಟಿಗಳ ಸಂದಿನಲ್ಲಿ ಕುಂಬಾರ ಹುಳು ಮಣ್ಣಿನ ಕುಡಿಕೆ ಕಟ್ಟುತ್ತದೆ. ಮೊಟ್ಟೆಯಿಟ್ಟು, ಅರೆಜೀವವಾದ ಕಂಬಳಿಹುಳುಗಳನ್ನು ತಂದು ತುರುಕಿ, ಬಾಯಿ ಮೆತ್ತಿ ಹೋಗುತ್ತದೆ. ಮೇಲಿನ ಮೂಲೆ ಜೇಡಕ್ಕೆ ಮೀಸಲು. ಹಲ್ಲಿಯೊಂದು ಕನಿಷ್ಠ ಉಷ್ಣಮಾಪಕದ ಹಿಂದೆ ಹಗಲೆಲ್ಲ ನಿದ್ದೆ ಹೊಡೆಯುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬಡಗಣ ಮಗ್ಗುಲಿನ ಬಿಳಿ ಬಣ್ಣ ಹಸಿರು ಹಾವಸೆಗೆ ತಿರುಗಿರುತ್ತದೆ. ದೀಪಾವಳಿ ಕಳೆದ ಮೇಲೆ ಯಾರಾದರೂ ನೆನಪು ಮಾಡಿದರೆ ಹೊಸ ಬಣ್ಣ. ಬಣ್ಣ ಮಾಸಿದ ಪೆಟ್ಟಿಗೆ ಬಿಸಿಲನ್ನು ಹೆಚ್ಚು ಹೀರುತ್ತದೆ. ಸಂದು ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ನಿಲ್ಲುತ್ತದೆ. ಒಳಗಿನ ಪಾದರಸ ಹೇಳುವ ಅಂಕಿಯಲ್ಲಿ ಆ ದಿನದ ಹವೆಯ ಜೊತೆಗೆ ಕುಂಬಾರ ಹುಳುವಿನದೂ ಹಾವಸೆಯದೂ ಚೂರುಪಾರು ಪಾಲಿರುತ್ತದೆ.

ಹೂಮಳೆಗೆ ಕಾಯುವ ಮಾರ್ಚ್ ತಿಂಗಳ ಮಧ್ಯಾಹ್ನ ಒಂದು ಉಷ್ಣಮಾಪಕ ಹಿಡಿದು ಈ ಸುತ್ತಳತೆಯಲ್ಲೇ ಓಡಾಡಿ ನೋಡಿ. ಕಾಫಿ ಒಣಗಿಸುವ ಸಿಮೆಂಟು ಕಣದ ಅಂಚಿನಲ್ಲಿ ಒಂದು ಅಂಕಿ, ಹುಲ್ಲಿನ ನಡುವೆ ಇನ್ನೊಂದು, ಮರದ ನೆರಳಿನ ಗಿಡಗಳ ಒಳಗೆ ಮತ್ತೊಂದು, ಹಳ್ಳದ ತಗ್ಗಿನಲ್ಲಿ ಮಗದೊಂದು. ನಾಲ್ಕೂ ನಿಜವೇ. ಆದರೆ ಒಂದು ವರ್ಷ ಹುಲ್ಲಿನ ನಡುವಿದ್ದ ಪೆಟ್ಟಿಗೆಯನ್ನು ಮರುವರ್ಷ ಕಣದ ಪಕ್ಕಕ್ಕೆ ಸರಿಸಿ, ಎರಡೂ ವರ್ಷದ ಅಂಕಿಗಳನ್ನು ಒಂದರ ಕೆಳಗೊಂದು ಬರೆದು, ಊರು ಕಾದಿದೆ ಎಂದರೆ ಅದು ಸುಳ್ಳು.

ತೋಟದ ರೈಟರು ಇಡುವ ದಪ್ಪ ಪುಸ್ತಕದಲ್ಲಿ ದಿನಾಂಕ, ಗರಿಷ್ಠ, ಕನಿಷ್ಠ, ಮಳೆ ಎಂಬ ಕಾಲಂಗಳಿವೆ, ಕೊನೆಗೆ ಒಂದು ಷರಾ. ನಾನು ಮೊದಲು ಓದುವುದು ಷರಾ. 'ಪಲ್ಪರ್ ಶೆಡ್ಡು ಕಟ್ಟಿದ್ದರಿಂದ ಪೆಟ್ಟಿಗೆ ಸರಿಸಲಾಗಿದೆ', 'ಕನಿಷ್ಠ ಮಾಪಕ ಒಡೆದಿದೆ, ಹೊಸದು ಬಂದಿದೆ', 'ಹಲಸಿನ ಮರ ಕಡಿಸಲಾಗಿದೆ'. ಹವಾಮಾನ ವಿಜ್ಞಾನಿಗಳು ಕಚ್ಚಾ ಅಂಕಿಗಳನ್ನು ಸರಿಪಡಿಸುತ್ತಾರೆ ಎಂಬ ಸುದ್ದಿ ಕೇಳಿ ಹುಬ್ಬೇರಿಸುವವರಿಗೆ ನಾನು ತೋರಿಸುವುದು ಈ ಕಾಲಂ. ಆ ಕೆಲಸದ ಬಹುಪಾಲು ಷರಾ ಓದುವುದು. ಷರಾ ಬರೆಯದೆ ಬಿಟ್ಟ ಕಡೆ ಅದನ್ನು ಊಹಿಸುವುದಲ್ಲ, ಪತ್ತೆ ಹಚ್ಚುವುದು.

ನ್ಯೂಜಿಲೆಂಡಿನ ವೆಲಿಂಗ್ಟನ್ನಿನ ಕಥೆ ಇದಕ್ಕೆ ಎಲ್ಲಕ್ಕಿಂತ ಸ್ವಚ್ಛವಾದ ಉದಾಹರಣೆ. ಅಲ್ಲಿನ ಹವಾಮಾನ ಕೇಂದ್ರ 1927ರ ಕೊನೆಯವರೆಗೆ ಥಾರ್ನ್‌ಡನ್ ಎಂಬಲ್ಲಿತ್ತು, ಸಮುದ್ರಮಟ್ಟದಿಂದ ಬರೀ 3 ಮೀಟರ್ ಮೇಲೆ. 1928ರಿಂದ ಕೆಲ್ಬರ್ನ್ ಗುಡ್ಡದ ಮೇಲೆ, 125 ಮೀಟರ್ ಎತ್ತರದಲ್ಲಿ. ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಶರಟು ಬೆನ್ನಿಗೆ ಅಂಟುವುದನ್ನು ಕಂಡವರಿಗೆ ಎತ್ತರಕ್ಕೂ ಬಿಸಿಗೂ ಇರುವ ನಂಟು ವಿವರಿಸಬೇಕಿಲ್ಲ. ಕಿಲೋಮೀಟರು ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪು. ಆ ಲೆಕ್ಕದಲ್ಲಿ 122 ಮೀಟರಿಗೆ ಸುಮಾರು 0.8 ಡಿಗ್ರಿ ಸೆಲ್ಸಿಯಸ್. ಸಮುದ್ರಮಟ್ಟದಲ್ಲೇ ಇರುವ ವೆಲಿಂಗ್ಟನ್ ವಿಮಾನ ನಿಲ್ದಾಣವನ್ನೂ ಗುಡ್ಡದ ಕೆಲ್ಬರ್ನನ್ನೂ ಹೋಲಿಸಿದಾಗ ಸಿಗುವ ವ್ಯತ್ಯಾಸವೂ ಅಷ್ಟೇ. ಎರಡು ಜಾಗದ ಅಂಕಿಗಳನ್ನು ಹಾಗೇ ಅಂಟಿಸಿದರೆ 1928ರ ಜನವರಿ ಒಂದರಂದು ವೆಲಿಂಗ್ಟನ್ ಇದ್ದಕ್ಕಿದ್ದಂತೆ ಮುಕ್ಕಾಲು ಡಿಗ್ರಿ ತಣ್ಣಗಾಯಿತು ಎನ್ನಬೇಕಾಗುತ್ತದೆ. ಹವೆ ತಣ್ಣಗಾಗಿರಲಿಲ್ಲ, ಉಷ್ಣಮಾಪಕ ಗುಡ್ಡ ಹತ್ತಿತ್ತು.

ಇಂಥ ತಿದ್ದುಪಡಿಗಳನ್ನೇ ಹಿಡಿದು ಕೆಲವರು, ನ್ಯೂಜಿಲೆಂಡಿನ ತಾಪಮಾನ ಏರಿಕೆ ಪೂರ್ತಿ ವಿಜ್ಞಾನಿಗಳ ಕೈಚಳಕ ಎಂದು ಅಲ್ಲಿನ ಹೈಕೋರ್ಟಿಗೆ ಹೋದರು. 2012ರಲ್ಲಿ ಅರ್ಜಿ ವಜಾ ಆಯಿತು. ನನಗೆ ಕೋರ್ಟಿನ ತೀರ್ಪಿಗಿಂತ ಮುಖ್ಯವಾಗಿ ಕಂಡದ್ದು ಬೇರೆ: ಆ ದೇಶದಲ್ಲಿ ಹೇಳಿಕೊಳ್ಳುವಂಥ ಜಾಗ ಬದಲಾವಣೆಯೇ ಇಲ್ಲದ 11 ಕೇಂದ್ರಗಳನ್ನು ಆರಿಸಿ, ಯಾವ ತಿದ್ದುಪಡಿಯೂ ಇಲ್ಲದೆ ನೋಡಿದಾಗಲೂ ಏರಿಕೆ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಜಾಗದ ಮಾತು ಸುಲಭ. ಹೊತ್ತಿನ ಮಾತು ಸ್ವಲ್ಪ ಕುಟಿಲ; ನಿಧಾನವಾಗಿ ನೋಡಬೇಕು.

ಗರಿಷ್ಠ ಉಷ್ಣಮಾಪಕದ ಪಾದರಸ ಏರುತ್ತದೆ, ತಾನಾಗಿ ಇಳಿಯುವುದಿಲ್ಲ. ಬುರುಡೆಯ ಮೇಲಿನ ಕಿರಿದಾದ ಕುತ್ತಿಗೆ ತಡೆಯುತ್ತದೆ. ದಿನಕ್ಕೊಮ್ಮೆ ಓದಿ, ಕೊಡವಿ, ಆ ಹೊತ್ತಿನ ಹವೆಗೆ ತರಬೇಕು. ಸಂಜೆ ಐದಕ್ಕೆ ಓದುವವನನ್ನು ಕಲ್ಪಿಸಿಕೊಳ್ಳಿ. ಸೋಮವಾರ ಸುಡುಬಿಸಿಲು, ಮೂರು ಗಂಟೆಗೆ 34 ಡಿಗ್ರಿ. ಐದಕ್ಕೆ 34 ಎಂದು ಬರೆದು ಕೊಡವಿದ. ಆಗಿನ್ನೂ ಹವೆ 32ರಲ್ಲಿದೆ, ಪಾದರಸ 32ಕ್ಕೆ ನಿಂತಿತು. ರಾತ್ರಿ ಮಳೆ. ಮಂಗಳವಾರ ಇಡೀ ದಿನ ಮೋಡ, ಹವೆ 26 ದಾಟಲಿಲ್ಲ. ಮಂಗಳವಾರ ಸಂಜೆ ಮಾಪಕದಲ್ಲಿ ಕಾಣುವುದೆಷ್ಟು? 32. ಸೋಮವಾರದ ಬಿಸಿಲು ಮಂಗಳವಾರದ ಮನೆಯಲ್ಲೂ ಊಟ ಮಾಡಿತು. ಬೆಳಗ್ಗೆ ಏಳಕ್ಕೆ ಓದುವವನಿಗೆ ಇದರ ತಿರುವುಮುರುವು: ಚಳಿಯ ಮುಂಜಾವು ಎರಡು ಸಲ ಲೆಕ್ಕಕ್ಕೆ ಬೀಳುತ್ತದೆ. ಹೀಗಾಗಿ ಸಂಜೆ ಓದುಗರ ಪುಸ್ತಕ ಸ್ವಲ್ಪ ಬಿಸಿ, ಬೆಳಗಿನವರದು ಸ್ವಲ್ಪ ತಂಪು. ಬೆಳಗ್ಗೆ ಆರಕ್ಕೆ ಎಣಿಸಿದ ಹಕ್ಕಿಗಳನ್ನೂ ಹನ್ನೊಂದಕ್ಕೆ ಎಣಿಸಿದ ಹಕ್ಕಿಗಳನ್ನೂ ಒಂದೇ ಪಟ್ಟಿಗೆ ಸುರಿಯಬಾರದು ಎಂದು ಕೆರೆ ಸುತ್ತುವ ಪ್ರತಿ ಹಕ್ಕಿಗಾರನಿಗೂ ಗೊತ್ತು. ಇದೂ ಅದೇ ಜಾತಿಯ ಎಚ್ಚರ.

ಅಮೆರಿಕದಲ್ಲಿ 1890ರಿಂದಲೂ ಸಾವಿರಾರು ಸ್ವಯಂಸೇವಕರು ಹೀಗೆ ದಿನಕ್ಕೊಮ್ಮೆ ಓದಿ ಬರೆಯುತ್ತ ಬಂದಿದ್ದಾರೆ. ರೈತರು, ಮೇಷ್ಟ್ರುಗಳು, ಪಾದ್ರಿಗಳು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಹೆಚ್ಚಿನವರು ಸಂಜೆ ಓದುತ್ತಿದ್ದರು. ಆಮೇಲೆ, ಸಂಜೆಯವರೆಗೆ ಬಿಟ್ಟರೆ ಮಳೆಮಾಪಕದ ನೀರು ಆವಿಯಾಗುತ್ತದೆ ಎಂಬ ಕಾರಣಕ್ಕೆ, ದಶಕಗಳುದ್ದಕ್ಕೂ ಒಬ್ಬೊಬ್ಬರೇ ಬೆಳಗಿನ ಹೊತ್ತಿಗೆ ಬದಲಾದರು. ಮಳೆಯ ಲೆಕ್ಕ ಸರಿಯಾಯಿತು, ಬಿಸಿಲಿನ ಲೆಕ್ಕದಲ್ಲಿ ಇಲ್ಲದ ತಂಪೊಂದು ಸೇರಿಕೊಂಡಿತು. 1980ರ ದಶಕದಲ್ಲಿ ಮರದ ಪೆಟ್ಟಿಗೆಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಮಾಪಕಗಳು ಬಂದವು. ಅವು ಗರಿಷ್ಠವನ್ನು ತುಸು ಕಡಿಮೆ, ಕನಿಷ್ಠವನ್ನು ತುಸು ಹೆಚ್ಚು ತೋರಿಸಿದವು. ಇವೆರಡನ್ನೂ ಸರಿಪಡಿಸಿದಾಗ ಅಮೆರಿಕದ ತಾಪಮಾನ ಏರಿಕೆ ಕಚ್ಚಾ ಅಂಕಿಗಿಂತ ಹೆಚ್ಚಾಯಿತು. ಅನುಮಾನ ಹುಟ್ಟಿದ್ದೂ ಅಲ್ಲೇ. ನಮ್ಮ ಇಲಾಖೆ ಕನಿಷ್ಠವನ್ನು ಬೆಳಗ್ಗೆ 8.30ಕ್ಕೆ, ಗರಿಷ್ಠವನ್ನು ಸಂಜೆ 5.30ಕ್ಕೆ ಓದುವ ಪದ್ಧತಿ ಇಟ್ಟುಕೊಂಡು ಈ ಗೊಂದಲದಿಂದ ಬಹುಮಟ್ಟಿಗೆ ಪಾರಾಗಿದೆ.

ಷರಾ ಬರೆಯದ ಬದಲಾವಣೆಗಳನ್ನು ಹಿಡಿಯುವುದು ಹೇಗೆ? ನೆರೆಹೊರೆಯವರನ್ನು ಕೇಳಿ. ಮಡಿಕೇರಿ, ಹಾಸನ, ಚಿಕ್ಕಮಗಳೂರು, ಮೈಸೂರುಗಳ ಬಿಸಿ ಒಂದೇ ಅಲ್ಲ, ಆದರೆ ಏರಿಳಿತದಲ್ಲಿ ಅವು ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಮುಂಗಾರು ತಡವಾದ ವರ್ಷ ಎಲ್ಲವೂ ಕಾಯುತ್ತವೆ. ಅವುಗಳಲ್ಲಿ ಒಂದು ಮಾತ್ರ ಯಾವುದೋ ತಿಂಗಳಿಂದ ಅರ್ಧ ಡಿಗ್ರಿ ಕೆಳಗಿಳಿದು, ಅಲ್ಲೇ ಕೂತುಬಿಟ್ಟರೆ, ಹವೆ ಆ ಊರೊಂದನ್ನೇ ಆರಿಸಿಕೊಂಡಿತು ಎನ್ನುವುದಕ್ಕಿಂತ ಅಲ್ಲಿ ಪೆಟ್ಟಿಗೆಗೆ ಏನೋ ಆಗಿದೆ ಎನ್ನುವುದು ಸರಿ. ಕಂಪ್ಯೂಟರು ಪ್ರತಿ ಕೇಂದ್ರವನ್ನೂ ಅದರ ಹತ್ತಾರು ನೆರೆಕೇಂದ್ರಗಳ ಜೊತೆ ಜೋಡಿ ಜೋಡಿಯಾಗಿ ಹೋಲಿಸಿ ಇಂಥ ಮೆಟ್ಟಿಲುಗಳನ್ನು ಹುಡುಕುತ್ತದೆ. ಒಂದೊಂದು ಊರಿನ ಮಟ್ಟಿಗೆ ಈ ವಿಧಾನ ಎಡವುವುದುಂಟು, ಅದನ್ನು ವಿಜ್ಞಾನಿಗಳೂ ಮುಚ್ಚಿಡುವುದಿಲ್ಲ. ಸಾವಿರಾರು ಕೇಂದ್ರಗಳ ಸರಾಸರಿಯಲ್ಲಿ ಅದು ನಂಬಿಕೆಗೆ ಅರ್ಹ ಎಂಬುದನ್ನು, ಬೇಕೆಂದೇ ತಪ್ಪು ತುಂಬಿದ ಕೃತಕ ಅಂಕಿಗಳನ್ನು ಕೊಟ್ಟು ಪರೀಕ್ಷಿಸಿಯೂ ಆಗಿದೆ.

ಇನ್ನೂ ನೇರವಾದ ಪರೀಕ್ಷೆಯೊಂದಿದೆ. ಅಮೆರಿಕ ಊರುಕೇರಿಯಿಂದ ದೂರ, ಪಕ್ಕದಲ್ಲಿ ಕಟ್ಟಡ ಏಳದ ಜಾಗಗಳನ್ನು ಹುಡುಕಿ, ಒಂದೊಂದು ಕೇಂದ್ರದಲ್ಲೂ ಮೂರು ಮಾಪಕಗಳಿಟ್ಟು, ಹೊಸ ಜಾಲವೊಂದನ್ನು ಹಾಸಿತು. ಅದಕ್ಕೆ ತಿದ್ದುಪಡಿಯ ಅಗತ್ಯವೇ ಇಲ್ಲ. 2005ರಿಂದೀಚೆಗೆ ಅದರ ಗೆರೆಯೂ ಹಳೆಯ ಕೇಂದ್ರಗಳ ಸರಿಪಡಿಸಿದ ಗೆರೆಯೂ ಒಂದರ ಮೇಲೊಂದು ಕೂರುತ್ತವೆ. ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಕೂಡ ಹಳೆಯ ಲೆಕ್ಕಗಳನ್ನು ಅನುಮಾನಿಸಿದವನೇ. ಅವನ ತಂಡ ತಿದ್ದುವ ಗೋಜಿಗೇ ಹೋಗದೆ, ಮೆಟ್ಟಿಲು ಕಂಡಲ್ಲೆಲ್ಲ ದಾಖಲೆಯನ್ನು ಕತ್ತರಿಸಿ ಎರಡು ಬೇರೆ ಕೇಂದ್ರಗಳೆಂದು ಎಣಿಸಿತು. ಹಣದ ಒಂದು ಪಾಲು ಬಂದದ್ದು ತೈಲೋದ್ಯಮಿ ಚಾರ್ಲ್ಸ್ ಕೋಚ್‌ನ ಪ್ರತಿಷ್ಠಾನದಿಂದ. 2011ರಲ್ಲಿ ಸಿಕ್ಕ ಉತ್ತರ ಹಳೆಯದೇ: ನೆಲ ಕಾದಿದೆ, ಹಿಂದಿನವರು ಹೇಳಿದಷ್ಟೇ ಕಾದಿದೆ.

ನೆಲದ ಮಾತಾಯಿತು. ಭೂಮಿಯ ಮುಕ್ಕಾಲಿಗೆ ಹತ್ತಿರ ಸಮುದ್ರ, ಅಲ್ಲಿ ಪೆಟ್ಟಿಗೆ ನಿಲ್ಲಿಸಲು ಹುಲ್ಲುಜಾಗ ಎಲ್ಲಿಂದ ತರುವುದು? ಹಾಯಿಹಡಗಿನ ಕಾಲದಲ್ಲಿ ಮರದ ಬಕೆಟ್ಟನ್ನು, ಆಮೇಲೆ ಕ್ಯಾನ್ವಾಸ್ ಬಕೆಟ್ಟನ್ನು ಹಗ್ಗ ಕಟ್ಟಿ ಇಳಿಬಿಟ್ಟು, ನೀರೆತ್ತಿ, ಅದರಲ್ಲಿ ಉಷ್ಣಮಾಪಕ ಅದ್ದುತ್ತಿದ್ದರು. ಒದ್ದೆ ಕ್ಯಾನ್ವಾಸಿನ ಮೇಲೆ ಗಾಳಿ ಬೀಸಿದರೆ ನೀರು ಆವಿಯಾಗಿ ಬಕೆಟ್ಟು ತಣ್ಣಗಾಗುತ್ತದೆ. ಡೆಕ್ಕಿನ ಮೇಲೆ ಒಂದೆರಡು ನಿಮಿಷ ತಡವಾದರೂ ಅಂಕಿ ಇಳಿಯುತ್ತದೆ. ಎರಡನೇ ಮಹಾಯುದ್ಧ ಬಂತು. ಶತ್ರುವಿನ ಕಣ್ಣಿಗೆ ಬೀಳುವ ಭಯದಲ್ಲಿ ರಾತ್ರಿ ಡೆಕ್ಕಿಗೆ ದೀಪ ಒಯ್ಯುವಂತಿಲ್ಲ. ಎಂಜಿನ್ನು ತಂಪಾಗಿಸಲು ಒಳಗೆಳೆದ ನೀರನ್ನೇ ಅಳೆದರು. ಎಂಜಿನ್ ಕೋಣೆಯ ಬಿಸಿ ಅದಕ್ಕೂ ತಾಗಿತ್ತು. ಕಚ್ಚಾ ಅಂಕಿಗಳಲ್ಲಿ ಯುದ್ಧದ ವರ್ಷಗಳ ಕಡಲು ಬಿಸಿಯಾಗಿ, 1945ರಲ್ಲಿ ದಿಢೀರನೆ ತಣ್ಣಗಾಗುತ್ತದೆ. ಆ ಕುಸಿತ ನೀರಿನದಲ್ಲ, ಬಕೆಟ್ಟುಗಳು ಡೆಕ್ಕಿಗೆ ಮರಳಿದ್ದರ ಗುರುತು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಈಚಿನ ದಶಕಗಳಲ್ಲಿ ಹಡಗುಗಳ ಜಾಗಕ್ಕೆ ತೇಲುಬುರುಡೆಗಳು ಬಂದಿವೆ. ಅವು ಹಡಗಿನ ಅಳತೆಗಿಂತ ಸರಾಸರಿ 0.12 ಡಿಗ್ರಿ ಕಡಿಮೆ ತೋರಿಸುತ್ತವೆ, ಸರಿಯಾದದ್ದು ಅವುಗಳದೇ. ಈ ಬೆರಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬುರುಡೆಗಳು ಹೆಚ್ಚಿದಂತೆಲ್ಲ ಕಡಲು ತಣ್ಣಗಾದಂತೆ ಕಾಣುತ್ತದೆ.

ನೆಲ, ಕಡಲು ಎರಡೂ ಸೇರಿಸಿದಾಗ ಬರುವ ಮೊತ್ತ ಬಹಳ ಜನರಿಗೆ ಗೊತ್ತಿಲ್ಲ. ಹಳೆಯ ಬಕೆಟ್ಟುಗಳ ತಂಪನ್ನು ಸರಿಪಡಿಸಿದಾಗ ಹಿಂದಿನ ಕಾಲದ ಕಡಲು ಮೇಲೇರುತ್ತದೆ, ಆದ್ದರಿಂದ ಅಂದಿಗೂ ಇಂದಿಗೂ ನಡುವಿನ ಅಂತರ ಕಿರಿದಾಗುತ್ತದೆ. ಒಂದು ಅಂಕಿಯನ್ನೂ ಮುಟ್ಟದೆ ಕಚ್ಚಾ ಲೆಕ್ಕವನ್ನೇ ನಂಬಿದರೆ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಭೂಮಿ ಈಗ ಹೇಳುತ್ತಿರುವುದಕ್ಕಿಂತ ಹೆಚ್ಚು ಕಾದಿದೆ ಎನ್ನಬೇಕು. ಭಯ ಹುಟ್ಟಿಸಲು ತಿದ್ದುವವರು ಈ ದಿಕ್ಕಿಗೆ ತಿದ್ದುವುದಿಲ್ಲ.

ಉಷ್ಣಮಾಪಕವೇ ಬೇಡ, ಗಿಡಮರಗಳನ್ನು ಕೇಳೋಣ ಎಂದು ನನ್ನಂಥ ಹಳ್ಳಿಗಾಡಿನ ಟಿಪ್ಪಣಿಕಾರನಿಗೆ ಅನಿಸುವುದು ಸಹಜ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವು ತುಂಬಿ ಅರಳಿದ ದಿನದ ದಾಖಲೆ ಒಂಬತ್ತನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಅರಳಿತು. ಅಲ್ಲಿಯವರೆಗಿನ ಸಾವಿರದಿನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದಿರಲಿಲ್ಲ. ಆದರೆ ಕ್ಯೋಟೋ ಕೂಡ ಬೆಳೆದ ನಗರ. ಕಾಂಕ್ರೀಟಿನ ಬಿಸಿ ಮೊಗ್ಗಿಗೂ ತಾಗುತ್ತದೆ. ಹೂವಿನ ದಾಖಲೆಗೂ ಷರಾ ಬೇಕು, ಸಂಶೋಧಕರು ನಗರದ ಪಾಲನ್ನು ಅಲ್ಲೂ ಬೇರೆಯಾಗಿ ಅಳೆದಿದ್ದಾರೆ.

ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 2024ರ ಮೇ 29ರಂದು 52.9 ಡಿಗ್ರಿ ತೋರಿಸಿದಾಗ ದೇಶವೆಲ್ಲ ಬೆಚ್ಚಿತ್ತು. ಅದೇ ದಿನ ನಗರದ ಉಳಿದ ಕೇಂದ್ರಗಳು ಅದರಿಂದ ಬಹಳ ಕೆಳಗಿದ್ದವು. ಹವಾಮಾನ ಇಲಾಖೆ ಪ್ರಮಾಣಿತ ಉಪಕರಣ ಒಯ್ದು ಪಕ್ಕದಲ್ಲಿಟ್ಟು ನೋಡಿತು: ಆ ಸಂವೇದಕ ಸುಮಾರು 3 ಡಿಗ್ರಿ ಹೆಚ್ಚು ಹೇಳುತ್ತಿತ್ತು. ಅಂದು ಆ ಅಂಕಿಯನ್ನು ಇಳಿಸಿದ್ದಕ್ಕೆ ಯಾರೂ ಪಿತೂರಿ ಎನ್ನಲಿಲ್ಲ. ನೆರೆಹೊರೆಯನ್ನು ನೋಡುವುದು, ಪಕ್ಕದಲ್ಲಿಟ್ಟು ಹೋಲಿಸುವುದು: ನೂರು ವರ್ಷದ ದಾಖಲೆಗೆ ಮಾಡುವುದೂ ಅಷ್ಟನ್ನೇ. ಮುಟ್ಟದ ಅಂಕಿಗಳನ್ನು ಯಾರೂ ಅಳಿಸಿಲ್ಲ. ಅಮೆರಿಕದ ನೋವಾ ಸಂಸ್ಥೆ ಕಚ್ಚಾ ಕಡತವನ್ನೂ ಸರಿಪಡಿಸಿದ ಕಡತವನ್ನೂ ಅಕ್ಕಪಕ್ಕದಲ್ಲೇ ಇಟ್ಟಿದೆ, ಬೇಕಾದವರು ಇಳಿಸಿಕೊಂಡು ಲೆಕ್ಕ ಹಾಕಬಹುದು.

ಈಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ, ಶಾಲಾ ಕಾಲೇಜುಗಳಲ್ಲಿ ಪಾದರಸದ ಮಾಪಕ ಕಿತ್ತು ಡಿಜಿಟಲ್ ಕೇಂದ್ರ ನಿಲ್ಲಿಸುವ ಹುರುಪು. ನಿಮ್ಮಲ್ಲೂ ಹಾಗೆ ನಡೆಯುವುದಿದ್ದರೆ ಒಂದು ಕೋರಿಕೆ: ಹೊಸದು ಬಂದ ದಿನವೇ ಹಳೆಯದನ್ನು ಗುಜರಿಗೆ ಹಾಕಬೇಡಿ. ಕನಿಷ್ಠ ಒಂದು ಪೂರ್ತಿ ವರ್ಷ ಎರಡೂ ಅಕ್ಕಪಕ್ಕದಲ್ಲಿ ಓಡಲಿ, ಎರಡನ್ನೂ ಬರೆಯಿರಿ, ಎಲ್ಲಿತ್ತು, ಎಲ್ಲಿಗೆ ಹೋಯಿತು, ಎಷ್ಟು ಹೊತ್ತಿಗೆ ಓದಿದಿರಿ, ಪಕ್ಕದ ಮರ ಯಾವಾಗ ಕಡಿದಿರಿ ಎಂಬುದನ್ನು ಷರಾದಲ್ಲಿ ದಾಖಲಿಸಿ.