ತೋಳಿನ ಮೇಲಿನ ಬಿಲ್ಲೆ, ಹರವಿಯೊಳಗಿನ ಇನ್ಸುಲಿನ್

ಇತ್ತೀಚಿನ ವರ್ಷಗಳಲ್ಲಿ ಶ್ರೀಮಠದ ಜಾತ್ರೆಗೂ ಅಮಾವಾಸ್ಯೆಯ ಪ್ರಸಾದಕ್ಕೂ ಬರುವ ಕೆಲವರ ತೋಳಿನ ಹಿಂಭಾಗದಲ್ಲಿ ಒಂದು ಬಿಳಿಯ ಬಿಲ್ಲೆ ಕಾಣತೊಡಗಿದೆ. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ಅಗಲವಾದ ಈ ಬಿಲ್ಲೆಯನ್ನು ಕೆಲವರು ತಾಯಿತವೆಂದು ಭಾವಿಸಿದ್ದುಂಟು. ಅದು ರಕ್ತದ ಸಕ್ಕರೆಯ ಮಟ್ಟವನ್ನು ಹಗಲಿರುಳೂ ಅಳೆಯುವ ಸೆನ್ಸರ್. ಬೆಂಗಳೂರು, ಹೈದರಾಬಾದುಗಳಲ್ಲಿ ನೌಕರಿಯಲ್ಲಿರುವ ನಮ್ಮ ಸೀಮೆಯ ಮಕ್ಕಳು ಊರಿನ ತಂದೆತಾಯಿಗಳಿಗೂ ಇದನ್ನು ತಂದು ಅಂಟಿಸುತ್ತಿದ್ದಾರೆ. ಇದನ್ನು ಎಲ್ಲರೂ ಕೊಳ್ಳಬೇಕೇ, ಇದರಿಂದ ಇನ್ಸುಲಿನ್ ಚುಚ್ಚಿಕೊಳ್ಳುವುದು ತಪ್ಪುತ್ತದೆಯೇ ಎಂದು ಅನೇಕ ಸದ್ಭಕ್ತರು ಕೇಳುತ್ತಿರುವುದರಿಂದ ಈ ತಿಂಗಳ ಆರೋಗ್ಯ ವಿಭಾಗವನ್ನು ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಮಧುಮೇಹವು ಪಟ್ಟಣದ ಸಿರಿವಂತರ ಕಾಯಿಲೆಯೆಂಬ ಮಾತು ಎಂದೋ ಹಳತಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಕೃಷ್ಣೆಯ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರಗಳ ಹೊಲಗಳಲ್ಲಿ ಜೋಳದ ಬದಲು ಭತ್ತ ಬೆಳೆಯಿತು. ಹೊಲದಲ್ಲಿ ಬಂದ ಬದಲಾವಣೆ ತಾಟಿನಲ್ಲಿಯೂ ಬಂದಿತು.

ಸಕ್ಕರೆಯನ್ನು ಅಳೆಯುವ ವಿದ್ಯೆ ಬೆಳೆದ ದಾರಿ ಕುತೂಹಲಕರವಾದುದು. ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು: ಮೂತ್ರವನ್ನು ನೀಲಿ ದ್ರಾವಣದೊಡನೆ ಕಾಯಿಸಿ, ಅದು ಹಸಿರಾಯಿತೋ ಹಳದಿಯಾಯಿತೋ ಇಟ್ಟಿಗೆಯ ಕೆಂಪಾಯಿತೋ ಎಂದು ನೋಡಿ ಸಕ್ಕರೆಯನ್ನು ಅಂದಾಜಿಸುತ್ತಿದ್ದರು. ಆದರೆ ಮೂತ್ರವು ಹೇಳುವುದು ಕೆಲವು ಗಂಟೆಗಳ ಹಿಂದಿನ ಕಥೆ. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಾಗ ಅದು ಏನನ್ನೂ ಹೇಳುವುದಿಲ್ಲ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಂಬುವರು, ಗ್ಲುಕೋಸಿನೊಡನೆ ಮಾತ್ರ ವರ್ತಿಸುವ ಕಿಣ್ವವೊಂದನ್ನು ವಿದ್ಯುದ್ವಾರಕ್ಕೆ ಜೋಡಿಸಿ ಸಕ್ಕರೆಯನ್ನು ವಿದ್ಯುತ್ತಿನ ಭಾಷೆಗೆ ತಿರುಗಿಸುವ ಉಪಾಯವನ್ನು ತೋರಿಸಿದರು. ಇಂದಿನ ಗ್ಲುಕೋಮೀಟರಿನ ಸ್ಟ್ರಿಪ್ಪಿನಲ್ಲಿಯೂ ತೋಳಿನ ಬಿಲ್ಲೆಯಲ್ಲಿಯೂ ಇರುವುದು ಮೂಲತಃ ಇದೇ ಉಪಾಯ. 1970ರ ಸುಮಾರಿಗೆ ಬಂದ ಮೊದಲ ಮೀಟರು ಒಂದು ಕಿಲೋಗಿಂತ ಹೆಚ್ಚು ತೂಗುತ್ತಿತ್ತು, ವೈದ್ಯರ ಮೇಜಿನ ಮೇಲಷ್ಟೇ ಇರುತ್ತಿತ್ತು. ಇಂದು ಅಂಗಿಯ ಜೇಬಿನಲ್ಲಿ ಇರುತ್ತದೆ.

ನಮ್ಮ ನಾಡಿನವರೂ ಈ ದಾರಿಯಲ್ಲಿ ನಡೆದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ಟರು ತಮ್ಮ ಸಹೋದ್ಯೋಗಿಗಳೊಡನೆ ಕಟ್ಟಿದ ಪಾಥ್‌ಶೋಧ್ ಸಂಸ್ಥೆಯು 'ಅನುಪಾಥ್' ಎಂಬ ಅಂಗೈಯಗಲದ ಸಾಧನವನ್ನು ರೂಪಿಸಿದೆ. ಅದು ಆ ಕ್ಷಣದ ಸಕ್ಕರೆಯೊಡನೆ ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ, ರಕ್ತದ ಹಿಮೋಗ್ಲೋಬಿನ್, ಮೂತ್ರಪಿಂಡ ಕೆಡುತ್ತಿರುವುದನ್ನು ಮೊದಲೇ ಸೂಚಿಸುವ ಮೂತ್ರದ ಆಲ್ಬುಮಿನ್ ಇವುಗಳನ್ನೂ ಅಳೆಯಬಲ್ಲದು. ದೊಡ್ಡ ಪ್ರಯೋಗಾಲಯವಿಲ್ಲದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಂಥದು ಎಷ್ಟು ಅಗತ್ಯವೆಂಬುದನ್ನು ಯಾದಗಿರಿ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಧನ ಎಷ್ಟೇ ಜಾಣವಾಗಿದ್ದರೂ ಬೆರಳು ಶುದ್ಧವಾಗಿರಬೇಕು. 2011ರಲ್ಲಿ ಜಪಾನಿನ ವೈದ್ಯರು ನಡೆಸಿದ ಪರೀಕ್ಷೆಯೊಂದರಲ್ಲಿ, ಹಣ್ಣು ಸುಲಿದು ಕೈ ತೊಳೆಯದೆ ರಕ್ತ ತೆಗೆದಾಗ ಮೀಟರು ಸಕ್ಕರೆಯನ್ನು ಬಹಳ ಹೆಚ್ಚಾಗಿ ತೋರಿಸಿತು. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರೂ ಆ ದೋಷ ಹೋಗಲಿಲ್ಲ, ನೀರಿನಿಂದ ತೊಳೆದಾಗಲೇ ಸರಿಯಾಯಿತು. ಮಠಕ್ಕೆ ಬಂದವರ ಕೈಯಲ್ಲಿ ಬಾಳೆಹಣ್ಣು, ಉತ್ತತ್ತಿ, ಕಲ್ಲುಸಕ್ಕರೆ ಇರುವುದು ಸಹಜ. ಆ ಕೈಯಿಂದಲೇ ಬೆರಳು ಚುಚ್ಚಿ, 300 ಬಂದಿತೆಂದು ಹೆದರಿ ಇನ್ಸುಲಿನ್ ಹೆಚ್ಚಿಸಿಕೊಂಡರೆ ಆಗುವ ಅನಾಹುತ ಸಣ್ಣದಲ್ಲ. ಸಾಬೂನು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿಕೊಂಡು, ಆಮೇಲೆ ಪರೀಕ್ಷಿಸಬೇಕು.

ಇನ್ನು ತೋಳಿನ ಬಿಲ್ಲೆಯ ವಿಚಾರ. ಅದರ ಕೆಳಗೆ ಕೂದಲಿನಷ್ಟು ಸಣ್ಣ ಎಳೆಯೊಂದು ಚರ್ಮದೊಳಗೆ ಸುಮಾರು ಅರ್ಧ ಸೆಂಟಿಮೀಟರ್ ಇಳಿದಿರುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದ ಸಕ್ಕರೆ ಆ ದ್ರವವನ್ನು ತಲುಪಲು ಐದರಿಂದ ಹದಿನೈದು ನಿಮಿಷ ಹಿಡಿಯುವುದರಿಂದ, ಸಕ್ಕರೆ ವೇಗವಾಗಿ ಏರುವಾಗ ಅಥವಾ ಇಳಿಯುವಾಗ ಬಿಲ್ಲೆಯ ಅಂಕಿ ಹಿಂದೆ ಬೀಳುತ್ತದೆ. ಆ ಕೈಯ ಮೇಲೆ ಭಾರ ಹಾಕಿ ಮಲಗಿದರೆ ಇಲ್ಲದ ಇಳಿಕೆಯನ್ನೂ ತೋರಿಸುತ್ತದೆ. ನಮ್ಮ ಬಿಸಿಲಿನ ಬೆವರಿಗೆ ಅಂಟು ಬಿಟ್ಟು ಉದುರುವುದೂ ಉಂಟು. ಮೈಯಲ್ಲಿ ತೊಂದರೆಯ ಲಕ್ಷಣವಿದ್ದು ಬಿಲ್ಲೆ ಸರಿಯಿದೆಯೆಂದರೆ, ಮೈಯನ್ನು ನಂಬಿ ಬೆರಳಿನ ರಕ್ತವನ್ನು ಪರೀಕ್ಷಿಸುವುದೇ ವಿವೇಕ.

ಇಷ್ಟು ಮಿತಿಗಳಿದ್ದರೂ ಅದರ ಉಪಕಾರ ದೊಡ್ಡದು. ಬೆರಳಿನ ಪರೀಕ್ಷೆ ಒಂದು ಕ್ಷಣದ ಚಿತ್ರವನ್ನಷ್ಟೇ ಕೊಡುತ್ತದೆ. ಬಿಲ್ಲೆಯು ನಡುರಾತ್ರಿಯಲ್ಲಿ ಸಕ್ಕರೆ ಇಳಿಯುವುದನ್ನು, ಹುಗ್ಗಿ ಉಂಡ ಮೇಲೆ ಏರುವುದನ್ನು, ರೊಟ್ಟಿಗೂ ಅನ್ನಕ್ಕೂ ಇರುವ ಅಂತರವನ್ನು ಗೆರೆ ಎಳೆದು ತೋರಿಸುತ್ತದೆ. ಆದರೆ ಹದಿನಾಲ್ಕು ದಿನಕ್ಕೊಮ್ಮೆ ಬದಲಿಸಬೇಕು. ಪ್ರತಿಸಲವೂ ಸಾವಿರಗಟ್ಟಲೆ ರೂಪಾಯಿ ಬೇಕು. ಮಾತ್ರೆಯಲ್ಲಿಯೇ ಸಕ್ಕರೆ ಹತೋಟಿಯಲ್ಲಿರುವ ಹಿರಿಯರಿಗೆ ಇದು ನಿತ್ಯದ ಅಗತ್ಯವಲ್ಲವೆಂಬುದು ನಮ್ಮ ಅಭಿಪ್ರಾಯ. ದಿನಕ್ಕೆ ಮೂರು ನಾಲ್ಕು ಸಲ ಇನ್ಸುಲಿನ್ ಬೇಕಾದವರಿಗೆ, ವಿಶೇಷವಾಗಿ ಒಂದನೇ ಬಗೆಯ ಮಧುಮೇಹವಿರುವ ಮಕ್ಕಳಿಗೆ, ಸಾಲ ಮಾಡದೆ ಸಾಧ್ಯವಾಗುವುದಾದರೆ ಇದು ನಿಜವಾದ ಆಸರೆ.

ಆ ಮಕ್ಕಳ ಕುರಿತು ಎರಡು ಮಾತು ಹೇಳಲೇಬೇಕು. ಅವರ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲವೆನ್ನುವಷ್ಟು ಕಡಿಮೆ. 1922ರ ಜನವರಿ 11ರಂದು ಟೊರಾಂಟೊದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಉಳಿಸಿಕೊಳ್ಳುವುದಷ್ಟೇ ವೈದ್ಯರಿಗೆ ಸಾಧ್ಯವಿತ್ತು. ಅದನ್ನು ಕಂಡುಹಿಡಿದವರು ಅದರ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿಗೆ ಬಿಟ್ಟುಕೊಟ್ಟರು. ದಾಸೋಹವೆಂದರೆ ಇದೇ ಅಲ್ಲವೇ! ಇಂದಿಗೂ ನಾಟಿ ಔಷಧದ ಭರವಸೆಯ ಮೇಲೆ, ಇಲ್ಲವೇ ಮಗಳ ಮದುವೆಯ ಮಾತಿಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ, ಇನ್ಸುಲಿನ್ ನಿಲ್ಲಿಸುವ ಮನೆಗಳಿವೆ. ಒಂದನೇ ಬಗೆಯ ಮಧುಮೇಹದಲ್ಲಿ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ವಾಂತಿ, ಏದುಸಿರು, ಪ್ರಜ್ಞೆ ತಪ್ಪುವಿಕೆ ಬಂದು ಪ್ರಾಣಕ್ಕೇ ಕುತ್ತು. ತೀರ್ಥ ಪ್ರಸಾದಗಳನ್ನು ಭಕ್ತಿಯಿಂದ ಸ್ವೀಕರಿಸಿರಿ. ಅವುಗಳ ಹೆಸರಿನಲ್ಲಿ ಇನ್ಸುಲಿನ್ ಬಿಡಬೇಡಿರಿ.

ಇನ್ಸುಲಿನ್ ಕೊಡುವ ಸಾಧನಗಳಲ್ಲಿಯೂ ಸಂಶೋಧನೆ ಬಹುದೂರ ಬಂದಿದೆ. ಕುದಿಸಿ ಬಳಸುತ್ತಿದ್ದ ಗಾಜಿನ ಸಿರಿಂಜು ಹೋಗಿ ಪ್ಲಾಸ್ಟಿಕ್ ಸಿರಿಂಜು ಬಂದಿತು, 1985ರಲ್ಲಿ ಪೆನ್ನು ಬಂದಿತು. 1960ರ ದಶಕದಲ್ಲಿ ಬೆನ್ನಿಗೆ ಹೊರುವ ಗಂಟಿನಷ್ಟು ದೊಡ್ಡದಾಗಿದ್ದ ಪಂಪು ಈಗ ಸೊಂಟಕ್ಕೆ ಸಿಕ್ಕಿಸುವಷ್ಟು ಚಿಕ್ಕದಾಗಿದೆ. ಸೆನ್ಸರು ಕೊಟ್ಟ ಅಂಕಿಯನ್ನು ನೋಡಿ ತಾನೇ ಐದು ನಿಮಿಷಕ್ಕೊಮ್ಮೆ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವ ಪಂಪಿಗೆ 2016ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ದೊರೆಯಿತು. ಇದನ್ನೇ 'ಕೃತಕ ಮೇದೋಜೀರಕ ಗ್ರಂಥಿ' ಎನ್ನುತ್ತಾರೆ. ಊಟದ ಲೆಕ್ಕವನ್ನು ಇಂದಿಗೂ ಬಹುತೇಕ ರೋಗಿಯೇ ಹೇಳಬೇಕು. ಬೆಲೆ ಲಕ್ಷಗಳಲ್ಲಿದೆ. ಹೊಲದ ಬಿಸಿಲಿನಲ್ಲಿ ದುಡಿಯುವವರಿಗೆ ಮತ್ತೊಂದು ತೊಡಕು: ಮೈಗೆ ಅಂಟಿದ ಪಂಪಿನೊಳಗಿನ ಇನ್ಸುಲಿನ್ 37 ಡಿಗ್ರಿ ಮೀರಿ ಕಾಯ್ದರೆ ಅದನ್ನು ಚೆಲ್ಲಬೇಕಾಗುತ್ತದೆ.

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಸೀಸೆ ಮತ್ತು ಸಿರಿಂಜು. ಅಲ್ಲಿ ಒಂದು ಅಪಾಯವಿದೆ. ಭಾರತದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ, 100 ಯೂನಿಟ್ ಇರುವ ಇನ್ಸುಲಿನ್ನೂ ಎರಡೂ ಮಾರಾಟದಲ್ಲಿವೆ. ನಲವತ್ತರದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜು, ನೂರರದಕ್ಕೆ ಕಿತ್ತಳೆ ಬಣ್ಣದ ಟೊಪ್ಪಿಗೆಯ ಸಿರಿಂಜು. ನೂರರ ಇನ್ಸುಲಿನ್ನನ್ನು ಕೆಂಪು ಟೊಪ್ಪಿಗೆಯ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 10 ಯೂನಿಟ್ ಅಲ್ಲ, 25. ಅದಲುಬದಲಾದರೆ 10ರ ಬದಲು 4. ಔಷಧದಂಗಡಿಯಲ್ಲಿ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಒಟ್ಟಿಗೆ ಹಿಡಿದು ನೋಡಿರಿ. ಓದು ಬಾರದವರು ಓದಬಲ್ಲ ಮೊಮ್ಮಕ್ಕಳಿಂದ ಓದಿಸಿರಿ. ಲಕ್ಷ ರೂಪಾಯಿಯ ಪಂಪಿಗಿಂತ ಈ ಒಂದು ನೋಟ ನಮ್ಮ ಸೀಮೆಯಲ್ಲಿ ಹೆಚ್ಚು ಜೀವ ಉಳಿಸೀತು.

ಎರಡನೆಯ ಅಪಾಯ ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಯಾದಗಿರಿಯ ಉಷ್ಣತೆ 42 ಡಿಗ್ರಿ ದಾಟುವ ದಿನಗಳಿರುತ್ತವೆ. ಶಹಾಪುರದ ಬೆಟ್ಟದ ಬಂಡೆಗಳಂತೂ ರಾತ್ರಿಯವರೆಗೂ ಕಾವು ಬಿಡುವುದಿಲ್ಲ. ಇನ್ಸುಲಿನ್ ಒಂದು ಪ್ರೋಟೀನು. ಅತಿಯಾದ ಕಾವಿನಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಫ್ರಿಜ್ಜಿಲ್ಲದ ಮನೆಯವರು, ಫ್ರಿಜ್ಜಿದ್ದೂ ಕರೆಂಟಿಲ್ಲದವರು ಏನು ಮಾಡಬೇಕು? ಇದಕ್ಕೆ ಉತ್ತರ ಕೀನ್ಯಾ ದೇಶದ ದಾದಾಬ್ ನಿರಾಶ್ರಿತರ ಶಿಬಿರದಿಂದ ಬಂದಿದೆ. ಗಡಿರಹಿತ ವೈದ್ಯರ ಸಂಘಟನೆಯವರು ಅಲ್ಲಿನ ಮನೆಯೊಂದರ ಉಷ್ಣತೆಯನ್ನು ಅಳೆದರು. ಜಿನೀವಾ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲಿ ಅದೇ ಏರಿಳಿತಕ್ಕೆ, ಅಂದರೆ 25ರಿಂದ 37 ಡಿಗ್ರಿಯವರೆಗೆ, ಇನ್ಸುಲಿನ್ನನ್ನು ನಾಲ್ಕು ವಾರ ಒಡ್ಡಿ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಅದರ ಶಕ್ತಿಯಲ್ಲಿ ಗಣನೀಯ ಕುಂದು ಕಾಣಲಿಲ್ಲ.

ನಮ್ಮ ಬೇಸಗೆ 37ನ್ನು ಮೀರುವುದರಿಂದ ಇಲ್ಲಿ ಮಣ್ಣಿನ ಪಾತ್ರೆಯ ಸಹಾಯ ಬೇಕು. ಹಲವು ದೇಶಗಳ ಮಣ್ಣಿನ ಪಾತ್ರೆಗಳನ್ನು ಪರೀಕ್ಷಿಸಿದ 2016ರ ಅಧ್ಯಯನವೊಂದು, ಒಣಹವೆಯಲ್ಲಿ ಅವು ಚೆನ್ನಾಗಿ ತಂಪು ಕೊಡುತ್ತವೆಂದು ಕಂಡುಕೊಂಡಿದೆ. ನಮ್ಮ ಬೇಸಗೆಯಂಥ ಒಣಹವೆ ಬೇರೆಲ್ಲಿದೆ! ದೊಡ್ಡ ಹರವಿಯ ತಳದಲ್ಲಿ ಉಸುಕು ಹಾಕಿ, ಅದರೊಳಗೆ ಚಿಕ್ಕ ಗಡಿಗೆಯನ್ನಿರಿಸಿ, ನಡುವಿನ ಸಂದಿಯನ್ನೂ ಉಸುಕಿನಿಂದ ತುಂಬಿ, ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಚಿಕ್ಕ ಗಡಿಗೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಗಾಳಿಯಾಡುವ ನೆರಳಿನಲ್ಲಿಡಬೇಕು. ಸೀಸೆ ನೀರಿನಲ್ಲಿ ಮುಳುಗಬಾರದು. ತೆರೆದ ಸೀಸೆಯನ್ನು ನಾಲ್ಕು ವಾರಗಳ ಮೇಲೆ ಬಳಸಬಾರದು. ಸದಾ ತಿಳಿಯಾಗಿರಬೇಕಾದ ಇನ್ಸುಲಿನ್ ಕದಡಿದ್ದರೆ, ಇಲ್ಲವೇ ಯಾವುದರಲ್ಲಾದರೂ ಗಂಟು ಕಂಡರೆ, ಎಸೆಯಬೇಕು. ಸ್ಟ್ರಿಪ್ಪುಗಳಿಗೂ ಬಿಸಿಲು ಆಗದು. ಅವುಗಳ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಆದರೆ ಹರವಿಯ ತೇವವೂ ಅವುಗಳಿಗೆ ಶತ್ರು, ಅಲ್ಲಿಡಬೇಡಿರಿ.

ಚುಚ್ಚದೆಯೇ ಸಕ್ಕರೆ ಅಳೆಯುವ ದಿನ ಬಂದೀತೇ? ಭಾರತೀಯ ವಿಜ್ಞಾನ ಸಂಸ್ಥೆಯ ಜಯ ಪ್ರಕಾಶರ ತಂಡ 2025ರಲ್ಲಿ ಪ್ರಕಟಿಸಿದ ಸಂಶೋಧನೆ ಆ ಆಸೆಯನ್ನು ಚಿಗುರಿಸಿದೆ. ಲೇಸರ್ ಬೆಳಕು ಚರ್ಮವನ್ನು ಕಂಡೂ ಕಾಣದಷ್ಟು ಬೆಚ್ಚಗಾಗಿಸಿದಾಗ ಅಂಗಾಂಶ ಕಂಪಿಸಿ, ಕಿವಿಗೆ ಕೇಳದ ಸದ್ದು ಹೊರಡುತ್ತದೆ. ಗ್ಲುಕೋಸಿನ ಕಣಗಳು ಧ್ರುವೀಕರಿಸಿದ ಬೆಳಕನ್ನು ತಿರುಗಿಸುವುದರಿಂದ ಆ ಸದ್ದಿನ ಪ್ರಮಾಣ ಬದಲಾಗುತ್ತದೆ; ಅದನ್ನು ಆಲಿಸಿ ಸಕ್ಕರೆಯನ್ನು ಅಂದಾಜಿಸಬಹುದು. ಆರೋಗ್ಯವಂತ ವ್ಯಕ್ತಿಯೊಬ್ಬರ ಮೇಲೆ ಮೂರು ದಿನ, ಊಟದ ಮುನ್ನ ಮತ್ತು ನಂತರ, ಪ್ರಾಥಮಿಕ ಪರೀಕ್ಷೆ ನಡೆದಿದೆ. ಅಂಗಡಿಗೆ ಬರಲು ದಾರಿ ದೂರವಿದೆ. ಆದರೆ ಚುಚ್ಚದೆ ಸಕ್ಕರೆ ತೋರಿಸುತ್ತೇವೆಂದು ಕೈಗಡಿಯಾರ, ಉಂಗುರಗಳನ್ನು ಮಾರುವವರು ಈಗಾಗಲೇ ಬಂದಿದ್ದಾರೆ. ಅಂಥ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಅವುಗಳ ಅಂಕಿಯನ್ನು ನಂಬಿ ಇನ್ಸುಲಿನ್ ತೆಗೆದುಕೊಳ್ಳುವುದು ಕಣ್ಣು ಕಟ್ಟಿಕೊಂಡು ಬಾವಿಯ ದಂಡೆಯ ಮೇಲೆ ನಡೆದಂತೆ.

ಕೊನೆಯದಾಗಿ, ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರಿಗೆ. ದಿನವಿಡೀ ನಡೆದಾಗ ದೇಹವು ಸಕ್ಕರೆಯನ್ನು ಹೆಚ್ಚು ಬಳಸುತ್ತದೆ. ನಿತ್ಯದಷ್ಟೇ ಇನ್ಸುಲಿನ್ ತೆಗೆದುಕೊಂಡು ಉಪವಾಸವಿದ್ದು ನಡೆದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆ ಹೊಡೆತ, ಮಾತು ತೊದಲುವುದು ಇದರ ಗುರುತು. ಜೊತೆಗಾರರು ಇದನ್ನು ಬಿಸಿಲಿನ ಬಳಲಿಕೆಯೆಂದು ತಿಳಿದು ಮಲಗಿಸಿಬಿಡುತ್ತಾರೆ. ಎಚ್ಚರವಿದ್ದರೆ ಮೂರು ಚಮಚ ಗ್ಲುಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಇಳಿದೇ ಇದ್ದರೆ ಮತ್ತೊಮ್ಮೆ ಕುಡಿಸಬೇಕು. ಕಲ್ಲುಸಕ್ಕರೆ ಕರಗುವುದು ನಿಧಾನ, ಕುಟ್ಟಿಯೇ ಕೊಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಶ್ರಾವಣ ಸೋಮವಾರದ ಉಪವಾಸಕ್ಕೂ ಇದೇ ಮಾತು ಸಲ್ಲುತ್ತದೆ. ಹೊರಡುವ ಎರಡು ವಾರ ಮೊದಲೇ ಯಾದಗಿರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ, ಶಹಾಪುರ, ಸುರಪುರಗಳ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ವೈದ್ಯರನ್ನು ಕಂಡು ನಡಿಗೆಯ ದಿನಗಳಿಗೆ ಇನ್ಸುಲಿನ್ ಎಷ್ಟೆಂದು ಬರೆಸಿಕೊಳ್ಳಿರಿ. ನಡೆಯುವ ದಿನ ತೊಡೆಗಿಂತ ಹೊಟ್ಟೆಯ ಮೇಲೆ ಚುಚ್ಚಿಕೊಳ್ಳುವುದು ಲೇಸು, ದುಡಿಯುವ ತೊಡೆಯಿಂದ ಇನ್ಸುಲಿನ್ ಬೇಗ ಹೀರಿಹೋಗುತ್ತದೆ. ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದ ನಡುವೆ ಇಡಿರಿ. ವೆಂಕಟಾಪುರ ದಾಟಿ ನಲ್ಲಮಲೆಯ ಕಾಡು ಹೊಕ್ಕ ಮೇಲೆ ಔಷಧದಂಗಡಿಯನ್ನು ನೆಚ್ಚುವಂತಿಲ್ಲ; ಸಿರಿಂಜು, ಸ್ಟ್ರಿಪ್ಪು, ಗ್ಲುಕೋಸ್ ಪುಡಿಗಳನ್ನು ಆತ್ಮಕೂರಿನಲ್ಲಿಯೇ ಎಣಿಸಿ ನೋಡಿಕೊಳ್ಳಿರಿ.